ಏಕಾಂತವೂ ಒಂಟಿತನವೂ

ಏಕಾಂತವನ್ನು ಸಾಧಕನು ಅರಸಿಕೊಂಡು ಹೋಗುತ್ತಾನೆ. ಒಂಟಿತನವು ತಾನಾಗಿಯೇ ಬಂದು ಮನುಷ್ಯನನ್ನು ಹಿಡಿಯುತ್ತದೆ. ಇವೆರಡನ್ನೂ ಒಂದೆಂದು ಬಗೆದ ತಪ್ಪನ್ನು ನಾವೂ ಮಾಡಿದ್ದುಂಟು.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ ಹಾಸನ ಜಿಲ್ಲೆಯಲ್ಲಿ ಕೊರೊನಾ ಸೋಂಕು ಇನ್ನೂ ಕಂಡಿರಲಿಲ್ಲ. ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ ಹಿಂದಿರುಗಿದ್ದ ಐವರಲ್ಲಿ ಅದು ಮೊದಲು ಪತ್ತೆಯಾದದ್ದು ಮೇ 12ರಂದು. ಅದಕ್ಕೆ ಮೊದಲೇ, ರೋಗವಿಲ್ಲದ ಊರುಗಳಲ್ಲಿಯೂ ಬಸ್ಸು ನಿಂತಿತ್ತು, ಸಂತೆ ಸೇರಲಿಲ್ಲ, ಜಾತ್ರೆ ನಡೆಯಲಿಲ್ಲ. ಇದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಪರರ ಪ್ರಾಣರಕ್ಷಣೆಗಾಗಿ ತಾನು ಮನೆಯಲ್ಲಿರುವುದು ಧರ್ಮವೇ ಸರಿ. ಆದರೆ ಎಲ್ಲರಿಗೂ ಒಂದೇ ಆಗಿ ವಿಧಿಸಿದ ನಿಯಮದ ಭಾರವು ಎಲ್ಲರ ಹೆಗಲ ಮೇಲೂ ಒಂದೇ ಸಮನಾಗಿ ಬೀಳುವುದೇ? ವಿಶ್ವವಿದ್ಯಾನಿಲಯದಲ್ಲಿ ಸಮತೆಯನ್ನೂ ನ್ಯಾಯವನ್ನೂ ಕುರಿತು ನಾವು ಪುಟಗಟ್ಟಲೆ ಬರೆದಿದ್ದೆವು. ಈ ಪ್ರಶ್ನೆ ಮಾತ್ರ ಅಂದು ಹೊಳೆಯಲಿಲ್ಲ.

ಅರಕಲಗೂಡು ಕಡೆಯ ಭಕ್ತರೊಬ್ಬರು. ಖಿನ್ನತೆಯೆಂಬ ಕಾಯಿಲೆ ಹಿಂದೆ ಎರಡು ಬಾರಿ ಅವರನ್ನು ಕೆಡವಿ, ಚಿಕಿತ್ಸೆಯಿಂದ ಸರಿದಿತ್ತು. ಇದು ಮರಳಿ ಬರುವ ಸ್ವಭಾವದ ಕಾಯಿಲೆ. ಹೊತ್ತಿಗೆ ಸರಿಯಾದ ನಿದ್ರೆ, ಕೈಗೊಂದು ಕೆಲಸ, ನಾಲ್ಕು ಜನರ ಮುಖ, ತಪ್ಪದ ಮಾತ್ರೆ—ಇವೇ ಅದನ್ನು ದೂರವಿಡುವ ಬೇಲಿ. ಬೆಳಗಾದರೆ ಹೋಟೆಲಿನ ಕಾಫಿ, ಪತ್ರಿಕೆ, ಮಾತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ವೈದ್ಯರ ದರ್ಶನ. ಅವರ ಬೇಲಿ ಇಷ್ಟೇ. ಒಂದೇ ರಾತ್ರಿಯಲ್ಲಿ ಅದೆಲ್ಲ ಕಿತ್ತುಹೋಯಿತು. ಏಪ್ರಿಲಿನಲ್ಲಿ ಮಾತ್ರೆಯೂ ಮುಗಿಯಿತು.

ಅವರು ನಮಗೆ ದೂರವಾಣಿ ಮಾಡಿದರು. ನಾವೆಂದೆವು: "ಏಕಾಂತ ದೊರೆತಿದೆ, ಧ್ಯಾನ ಮಾಡಿರಿ, ಮನಸ್ಸು ಗಟ್ಟಿ ಮಾಡಿಕೊಳ್ಳಿರಿ." "ಆಗಲಿ ಬುದ್ಧಿ" ಎಂದರು. ಮತ್ತೆ ಕರೆಯಲಿಲ್ಲ. ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆಂದು ಅವರ ಮನೆಯವರಿಂದ ತಿಳಿದದ್ದು ತಿಂಗಳುಗಳ ಮೇಲೆ. ಆಸ್ಪತ್ರೆ ಸೇರಿ ಗುಣಮುಖರಾಗಿ ಮಠಕ್ಕೆ ಬಂದಾಗ ಮೆಲ್ಲನೆ ಹೇಳಿದರು: "ಗಟ್ಟಿ ಮಾಡ್ಕೊಳ್ಳೋಕೆ ಮನಸ್ಸೇ ಕೈಲಿರಲಿಲ್ಲ, ಬುದ್ಧಿ." ಕಾಲು ಮುರಿದವನಿಗೆ ಪ್ರದಕ್ಷಿಣೆ ಮಾಡೆಂದು ಯಾವ ಗುರುವೂ ಹೇಳನು. ನಾವು ಹೇಳಿದ್ದು ಅದನ್ನೇ.

ಎಲ್ಲರ ಅನುಭವವೂ ಹೀಗೆಯೇ ಎನ್ನಲಾಗದು. ಇದೇ ವ್ಯಾಧಿಯುಳ್ಳ ಹೊಳೆನರಸೀಪುರದ ಉಪಾಧ್ಯಾಯಿನಿಯೊಬ್ಬರಿಗೆ ಮೊದಲ ವಾರಗಳು ಹಗುರವೆನಿಸಿದುವಂತೆ. ಜಗತ್ತೇ ಮನೆಯೊಳಗಿದ್ದುದರಿಂದ, ಏಕೆ ಹೊರಗೆ ಬರಲಿಲ್ಲವೆಂದು ಕೇಳುವವರಿರಲಿಲ್ಲ. ಬಾಗಿಲು ತೆರೆದು ಎಲ್ಲರೂ ನಡೆದುಹೋದ ಮೇಲೆ, ಹಿಂದೆ ಉಳಿದವರು ಅವರು. ಕೊರೊನಾದ ಮೊದಲ ವರ್ಷದಲ್ಲಿ ಆತಂಕ, ಖಿನ್ನತೆಗಳು ಜಗತ್ತಿನಲ್ಲಿ ಶೇಕಡಾ 25ರಷ್ಟು ಹೆಚ್ಚಿದುವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಆ ಅಂಕಿಯೊಳಗೆ ನಮ್ಮ ತಾಲ್ಲೂಕುಗಳ ಮನೆಗಳೂ ಇದ್ದಾವು.

ನಮ್ಮ ಪ್ರಾಣಕ್ಕಾಗಿ ಒಳಗೆ ಕುಳಿತವರ ಋಣ ನಮ್ಮ ಮೇಲಿದೆ. ಉಪದೇಶದಿಂದ ಅದು ತೀರದು. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯ ಮತ್ತೆ ಮುಚ್ಚಿದಾಗ ನಾವೇ ಸಂಜೆ ಅವರಿಗೆ ದೂರವಾಣಿ ಮಾಡತೊಡಗಿದೆವು. ಆಲೂಗೆಡ್ಡೆ ಬಿತ್ತನೆ ಆಯಿತೇ, ಊಟಕ್ಕೇನು, ಮಾತ್ರೆ ಎಷ್ಟು ದಿನಕ್ಕಿದೆ—ಇಷ್ಟೇ ಮಾತು. ಮಾತ್ರೆ ಮುಗಿಯುವ ಮುನ್ನ ಮಠದ ಹುಡುಗನೊಬ್ಬ ಅನುಮತಿ ಪಡೆದು ಹಾಸನದಿಂದ ತಂದುಕೊಟ್ಟ. ಈಗ, 2022ರಿಂದ, ಹಗಲಿರುಳೂ ಉಚಿತವಾಗಿ ಮಾತನಾಡಲು ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯುಂಟು. ಮಠದ ದಾಸೋಹದ ಬಾಗಿಲಲ್ಲಿ ಬರೆಯಿಸಿದ್ದೇವೆ.

ಸಂಜೆಯ ಕರೆ ಇಂದಿಗೂ ನಿಂತಿಲ್ಲ. ನಾವು ಕೇಳುವ ಮೊದಲೇ ಅವರು, "ಮಾತ್ರೆ ಆಯ್ತು ಬುದ್ಧಿ, ತಮ್ಮ ಪ್ರಸಾದ ಆಯ್ತಾ?" ಎನ್ನುತ್ತಾರೆ.