ಕೂದಲೆಳೆಯ ತಕರಾರು

ಮಡಚುವ ಚಾಕು ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಹಿಂದಿ ಚಲಚ್ಚಿತ್ರದ ಖಳನಾಯಕನ ಕೈಯಲ್ಲಿ ಖಟ್ಟೆಂದು ಬಿಚ್ಚಿಕೊಳ್ಳುವ ರಾಮಪುರಿ ನೆನಪಾಗುತ್ತದೆ. ಇಲ್ಲವೇ ಪೆನ್ಸಿಲು ಹೆರೆಯಲು ಶಾಲೆಯ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ ಪುಟ್ಟ ಚಾಕು. ಮಡಚಿಟ್ಟಾಗ ಅದರ ಅಲಗು ಹಿಡಿಯ ಎರಡು ಪಕ್ಕಗಳ ನಟ್ಟನಡುವೆ ನಿಂತಿದೆಯೇ ಎಂದು ನಾವು ಯಾರೂ ಬೆಳಕಿಗೆ ಹಿಡಿದು ನೋಡಿದವರಲ್ಲ. ಆದರೆ ಒಂದು ಜೇಬುಚಾಕುವಿಗೆ 400 ಡಾಲರಿಗೂ ಮೇಲೆ ಕೊಡುವ ಜನ ಅಮೆರಿಕ, ಯುರೋಪುಗಳಲ್ಲಿ ಸಾಕಷ್ಟಿದ್ದಾರೆ. ಅವರಲ್ಲಿ ಅನೇಕರು ಪೆಟ್ಟಿಗೆ ಬಿಚ್ಚಿದೊಡನೆ ಏನನ್ನಾದರೂ ಕತ್ತರಿಸಿ ನೋಡುವುದಿಲ್ಲ. ಚಾಕುವನ್ನು ಮಡಚಿ, ಒಂದು ಕಣ್ಣು ಮುಚ್ಚಿ, ಅಲಗಿನ ಎರಡೂ ಕಡೆಯ ಸಂದು ಸಮನಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಕೂದಲೆಳೆಯಷ್ಟು ವಾಲಿದ್ದರೆ ಮಾಲು ಹಿಂದಕ್ಕೆ ಹೋಗುತ್ತದೆ. ಉಳ್ಳವರ ಚಪಲವೆಂದು ಇದನ್ನು ನಕ್ಕು ತಳ್ಳಿಬಿಡುವುದು ಸುಲಭ. ಆದರೆ ಇದರ ಬೆನ್ನಿಗೆ, ಬೇರೊಬ್ಬರ ಕೆಲಸದಿಂದ ನಾವು ಎಷ್ಟು ಅಚ್ಚುಕಟ್ಟನ್ನು ಹಕ್ಕಿನಿಂದ ಕೇಳಬಹುದು ಎಂಬ ಪ್ರಶ್ನೆಯೊಂದಿದೆ. ಅದು ಚಾಕು ಕೊಳ್ಳದವರಿಗೂ ಸೇರಿದ್ದೇ.

ಅಲಗು ಏಕೆ ವಾಲುತ್ತದೆ ಎಂಬುದನ್ನು ಮೊದಲು ನೋಡೋಣ. ಅಲಗು ತಿರುಗುವುದು ಬುಡದಲ್ಲಿರುವ ಒಂದು ಕೀಲಿನ ಮೇಲೆ. ಅದರ ಎರಡೂ ಪಕ್ಕಗಳಲ್ಲಿ ಕಂಚಿನ ತೆಳುವಾದ ವಾಷರುಗಳಿರುತ್ತವೆ. ಕೀಲಿನ ಬಳಿ ಅಲಗು ಕೂರುವ ಜಾಗ 10 ಮಿಲಿಮೀಟರು ಅಗಲವಿದೆ, ಅಲಗಿನ ಉದ್ದ 85 ಮಿಲಿಮೀಟರು ಎಂದಿಟ್ಟುಕೊಳ್ಳಿ. ಆ 10 ಮಿಲಿಮೀಟರಿನಲ್ಲಿ 0.05 ಮಿಲಿಮೀಟರಿನಷ್ಟು, ಎಂದರೆ ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಲ್ಲದಷ್ಟು, ಓರೆಯಿದ್ದರೆ ತುದಿಯಲ್ಲಿ ಅದು 0.4 ಮಿಲಿಮೀಟರನ್ನು ದಾಟುತ್ತದೆ. ಅಲಗಿಗೂ ಹಿಡಿಯ ಪಕ್ಕಕ್ಕೂ ನಡುವೆ ಇರುವ ಸಂದೇ ಅರ್ಧ ಮಿಲಿಮೀಟರು ಇದ್ದಲ್ಲಿ, ಅಲಗು ಒಂದು ಪಕ್ಕಕ್ಕೆ ಅಂಟಿಕೊಂಡಂತೆಯೇ ಕಾಣುತ್ತದೆ. ಇದಲ್ಲದೆ ಉಕ್ಕನ್ನು ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ ತಣಿಸಿ ಹದ ಮಾಡುವಾಗ ತೆಳುವಾದ ಅಲಗು ತುಸು ಸೊಟ್ಟಗಾಗುವುದುಂಟು. ಇನ್ನು ಬೀಗದ ಪಟ್ಟಿ. ಮಡಚಿದ ಅಲಗು ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳದಿರಲೆಂದು ಆ ಪಟ್ಟಿಯಲ್ಲಿರುವ ಸಣ್ಣ ಗುಂಡೊಂದು ಅಲಗಿನ ಬುಡವನ್ನು ಒಂದೇ ಪಕ್ಕದಿಂದ ಒತ್ತುತ್ತಿರುತ್ತದೆ. ನಮ್ಮ ತೊಡೆಯನ್ನು ಕಾಯುವ ಆ ಒತ್ತಡವೇ ಅಲಗನ್ನು ಆಚೆಗೆ ದೂಡುತ್ತದೆ. ಇಷ್ಟೆಲ್ಲ ಎಳೆದಾಟದ ನಡುವೆಯೂ ಅಲಗನ್ನು ನಡುವೆ ನಿಲ್ಲಿಸಿದವನ ಕೆಲಸ ಸಾಮಾನ್ಯದ್ದಲ್ಲ.

ನಿಲ್ಲಿಸದಿದ್ದರೆ ಕೆಡುವುದೇನು? ಪಕ್ಕಕ್ಕೆ ಉಜ್ಜದಿರುವ ತನಕ ಏನೂ ಇಲ್ಲ. ಫ್ರಾನ್ಸಿನ ಸವೋಯ್ ಸೀಮೆಯಲ್ಲಿ ಜೋಸೆಫ್ ಓಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಇಂದಿಗೂ ಅಗ್ಗಕ್ಕೆ ಸಿಗುತ್ತದೆ. ಮರದ ಹಿಡಿಯಲ್ಲಿ ಗರಗಸದಿಂದ ಸೀಳಿದ ಒಂದು ಗಾಡಿ, ಅದರೊಳಗೆ ಅಲಗು, ಅಷ್ಟೆ. ತೇವ ತಗಲಿದರೆ ಹಿಡಿ ಉಬ್ಬಿ ಅಲಗು ಬಿಗಿಯಾಗುತ್ತದೆ. ಆದರೂ ರೊಟ್ಟಿ, ಗಿಣ್ಣು, ಸೇಬು ಕೊಯ್ಯುವುದರಲ್ಲಿ ಅದರ ತೆಳುವಾದ ಅಲಗು ಎಷ್ಟೋ ದುಬಾರಿ ಚಾಕುಗಳಿಗಿಂತ ಮೇಲೆಂದೇ ಹೇಳಬೇಕು. ಒಂದೇ ಸ್ಪ್ರಿಂಗಿನ ಮೇಲೆ ಎರಡು ಅಲಗುಗಳಿರುವ ಹಳೆಯ ಬಗೆಯ ಜೇಬುಚಾಕುಗಳಲ್ಲಂತೂ ಕುಶಲಿಗಳು ಅಲಗುಗಳನ್ನು ಬೇಕೆಂದೇ ತುಸು ಪಕ್ಕಕ್ಕೆ ಬಾಗಿಸುತ್ತಾರೆ. ಹಾಗೆ ಬಾಗಿಸದಿದ್ದರೆ ಮಡಚಿದಾಗ ಒಂದಕ್ಕೊಂದು ತಾಗುತ್ತವೆ. ಅಲ್ಲಿ ಸೊಟ್ಟಗಿರುವುದೇ ಕೈಚಳಕ.

ಚಾಕು ಇರುವುದು ಕತ್ತರಿಸಲು, ಕತ್ತರಿಸಿದರೆ ಸಾಕು ಎಂಬ ವಾದ ಇಲ್ಲಿಂದ ಹುಟ್ಟುತ್ತದೆ. ಈ ವಾದವನ್ನು ನಾವು ಪೂರ್ತಿ ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕದ ಕ್ರಿಸ್ ರೀವ್ 1989ರಲ್ಲಿ ಅಮೆರಿಕದ ಐಡಾಹೋ ರಾಜ್ಯದ ಬಾಯ್ಸಿ ನಗರಕ್ಕೆ ಬಂದು ನೆಲೆಸಿದರು. ಅವರ ಸೆಬೆಂಜಾ ಎಂಬ ಚಾಕು ಈ ವಲಯದಲ್ಲಿ ಬಲು ಹೆಸರಾದದ್ದು. ಹಿಡಿಯ ಟೈಟೇನಿಯಂ ಹಲಗೆಯನ್ನೇ ಸೀಳಿ ಬೀಗದ ಪಟ್ಟಿ ಮಾಡುವ ಉಪಾಯಕ್ಕೆ ಪ್ರಸಿದ್ಧಿ ಬಂದದ್ದು ಅವರಿಂದ. ಸೆಬೆಂಜಾದ ಕೀಲಿನೊಳಗೆ ನಿಖರವಾಗಿ ಅಳತೆಗೆ ಉಜ್ಜಿದ ಒಂದು ಕೊಳವೆಯುಂಟು. ಆದ್ದರಿಂದ ತಿರುಪನ್ನು ಕೊನೆಯವರೆಗೆ ಬಿಗಿದರೂ ಅಲಗು ಸರಾಗವಾಗಿ ತಿರುಗುತ್ತದೆ. ಅರ್ಧ ಸುತ್ತು ಸಡಿಲಿಸಿ, ಕಾಲು ಸುತ್ತು ಬಿಗಿದು ಹೊಂದಿಸುವ ಕಷ್ಟವಿಲ್ಲ. ಇಂಥ ಚಾಕುವನ್ನು ಮಾರುವಾಗ ಮಾರುತ್ತಿರುವುದು ಕತ್ತರಿಸುವ ಶಕ್ತಿಯನ್ನಲ್ಲ, ಅಳತೆಯ ಶಿಸ್ತನ್ನು. ಆ ಶಿಸ್ತಿಗೆಂದೇ ಬೆಲೆ ಕೊಟ್ಟವನು ಅದೆಲ್ಲಿ ಎಂದು ಕೇಳಿದರೆ ಅದು ಚಪಲ ಹೇಗಾದೀತು? ಮಾತು ಕೊಟ್ಟವನಿಂದ ಮಾತನ್ನು ಕೇಳುವುದು ನ್ಯಾಯವೇ. ಜಾಹೀರಾತಿನ ಚಿತ್ರದಲ್ಲಿ ಅಲಗು ನಟ್ಟನಡುವೆ ಇದ್ದರೆ, ಕೊಳ್ಳುವವನು ಅದನ್ನೂ ಒಂದು ಮಾತೆಂದೇ ಓದಿಕೊಳ್ಳುತ್ತಾನೆ.

ಆದರೆ ಇಲ್ಲೊಂದು ತೊಡಕಿದೆ. ಉಕ್ಕಿನ ಹದ ಸರಿಯಾಗಿದೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಸಂದು. ಹೀಗಾಗಿ ಸಂದು ಸರಿಯಿದ್ದರೆ ಉಳಿದುದೂ ಸರಿಯಿದ್ದೀತೆಂದು ಕೊಳ್ಳುವವನು ಊಹಿಸುತ್ತಾನೆ. ನಮ್ಮ ಮನೆಯಲ್ಲಿ ಅನ್ನ ಬೆಂದಿತೇ ಎಂದು ಒಂದು ಅಗುಳು ಹಿಚುಕಿ ನೋಡುವಂತೆ. ಅನ್ನದ ವಿಷಯದಲ್ಲಿ ಈ ಪರೀಕ್ಷೆ ಸರಿ. ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದವು. ಚಾಕುವಿನಲ್ಲಿ ಹದ ಮಾಡಿದ ಕುಲುಮೆ ಬೇರೆ, ಕೊನೆಯಲ್ಲಿ ಜೋಡಿಸಿದ ಕೈ ಬೇರೆ. ಅಷ್ಟೇ ಅಲ್ಲ, ಅನೇಕ ಚಾಕುಗಳಲ್ಲಿ ಅಲಗನ್ನು ನಡುವಿಗೆ ತರಲು ಅಡ್ಡದಾರಿಗಳೂ ಇವೆ: ಒಂದು ಪಕ್ಕದ ವಾಷರನ್ನು ದಪ್ಪ ಮಾಡಬಹುದು, ಹಿಡಿಯ ಒಳಪಟ್ಟಿಯನ್ನು ಕೊಂಚ ಬಗ್ಗಿಸಬಹುದು, ಅಲಗು ತಿರುಗಲು ಒದ್ದಾಡುವಷ್ಟು ತಿರುಪನ್ನು ಬಿಗಿಯಬಹುದು. ಕೊಳ್ಳುವವರೆಲ್ಲ ಒಂದು ಗುರುತನ್ನೇ ನೋಡುತ್ತಾರೆಂದು ತಿಳಿದರೆ ಆ ಗುರುತನ್ನಷ್ಟೇ ತಯಾರಿಸುವುದು ವ್ಯಾಪಾರಿಗೆ ಸುಲಭ. ಪರೀಕ್ಷೆಯ ಪ್ರಶ್ನೆ ಮೊದಲೇ ಗೊತ್ತಾದ ವಿದ್ಯಾರ್ಥಿಯಂತೆ.

ಇನ್ನೊಂದು ಸ್ವಾರಸ್ಯ. ಜುಲು ಭಾಷೆಯಲ್ಲಿ ಸೆಬೆಂಜಾ ಎಂದರೆ ಕೆಲಸ. ಆ ಹೆಸರಿನ ಚಾಕುವನ್ನು ಕೊಂಡು, ಗೀರು ಬಿದ್ದೀತೆಂದು ಬೀರುವಿನೊಳಗೆ ಮಡಚಿ ಇಡುವವರು ಇದ್ದಾರೆ. ಮಡಚಿಯೇ ಇಟ್ಟ ಚಾಕುವಿನಲ್ಲಿ ನೋಡಲು ಇರುವುದಾದರೂ ಇನ್ನೇನು? ದಿನವೂ ಹಗ್ಗ ಕೊಯ್ದು, ರಟ್ಟು ಹರಿದು, ಹಣ್ಣು ಹೆಚ್ಚುವವನು ಅಲಗನ್ನು ನೋಡುವುದು ತೆರೆದಾಗ. ಅವನು ಕೇಳುವುದು ಬೇರೆಯೇ: ಬೀಗ ಜಾರುತ್ತದೆಯೇ, ತೆರೆದ ಅಲಗು ಅಲುಗಾಡುತ್ತದೆಯೇ, ಹರಿತ ಎಷ್ಟು ದಿನ ನಿಲ್ಲುತ್ತದೆ.

ಇದನ್ನು ಓದುತ್ತ ನಮ್ಮ ಊರಿನ ಒಂದು ವಿಪರ್ಯಾಸ ನೆನಪಾಗದಿರದು. ಬೀದಿಬದಿಯ ಚಮ್ಮಾರನ ಹತ್ತಿರ ಹತ್ತು ರೂಪಾಯಿ ಕಡಿಮೆ ಮಾಡಿಸಿ, ಆಮೇಲೆ ಅವನ ಹೊಲಿಗೆ ನೇರವಾಗಿಲ್ಲವೆಂದು ಎರಡು ಸಲ ಬಿಚ್ಚಿಸುತ್ತೇವೆ. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಅದರ ನೂರರಷ್ಟು ತೆತ್ತು ಕೊಂಡ ಚೀಲದ ಹೊಲಿಗೆ ಸೊಟ್ಟಗಿದ್ದರೆ ಬಾಯಿ ಬಿಡಲು ನಾಚಿಕೆ. ಅಲ್ಲಿ ಸೊಟ್ಟ ಹೊಲಿಗೆಯೂ ಹೊಸ ಶೈಲಿ ಇದ್ದೀತು! ಇವರೊಡನೆ ಹೋಲಿಸಿದರೆ, ದುಬಾರಿ ಬೆಲೆ ಕೇಳಿದವನಿಂದಲೇ ಕೂದಲೆಳೆಯ ಲೆಕ್ಕ ಕೇಳುವ ಚಾಕುವಿನ ಮಂದಿ ಹೆಚ್ಚು ನ್ಯಾಯವಂತರು. ಓಪಿನೆಲ್ ಮಾಡುವವನನ್ನು ಅವರು ಈ ಪರಿ ಕಾಡುವುದಿಲ್ಲ.

ಹಾಗಾದರೆ ಎಲ್ಲಿಯವರೆಗೆ ಕೇಳಬಹುದು? ಬೀಗ ಜಾರಿದರೆ, ತೆರೆದ ಅಲಗು ಅಲುಗಿದರೆ, ಮಡಚುವಾಗ ಅಲಗು ಪಕ್ಕಕ್ಕೆ ಉಜ್ಜಿ ಗೆರೆ ಬಿದ್ದರೆ ಬೆಲೆ ಎಷ್ಟಾದರೂ ಸರಿ, ಹಿಂದಿರುಗಿಸಬೇಕು. ಇದರಲ್ಲಿ ಎರಡು ಮಾತಿಲ್ಲ. ಉಜ್ಜದೆ ಬರಿದೇ ವಾಲಿರುವ ಅಲಗಿನ ಮಾತು ಬಂದಾಗ ಮಾತ್ರ ತಪ್ಪು ಹೆಚ್ಚಾಗಿ ಹೇಳದೆ ಮಾರಿದವನದು, ಹೇಳಿಸಿಕೊಳ್ಳದೆ ಕೊಂಡವನದು ಸ್ವಲ್ಪ. ಎಷ್ಟು ಮಿಲಿಮೀಟರಿನವರೆಗೆ ವಾಲಿದರೆ ಸರಿ ಎಂದು ತಯಾರಕರು ಮೊದಲೇ ಒಂದು ಚೀಟಿಯಲ್ಲಿ ಅಚ್ಚು ಹಾಕಿ ಪೆಟ್ಟಿಗೆಯಲ್ಲಿ ಇಡಬಹುದು. ಹಾಗೆ ಇಡದಿರುವಾಗ, ಹಿಂದಿರುಗಿ ಬಂದ ಪ್ರತಿ ಚಾಕುವನ್ನೂ ಮತ್ತೆ ಬಿಚ್ಚಿ, ವಾಷರು ಬದಲಿಸಿ, ಯಾರ ಕಣ್ಣಿಗೆ ಎಷ್ಟು ಸಾಕೆಂದು ಊಹಿಸುತ್ತ ಜೋಡಿಸಬೇಕಾದವನು ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಕುಳಿತ ಕೆಲಸಗಾರ. ಮಾತು ಕೊಟ್ಟವನು ಅವನಲ್ಲ.