ಮತ್ತೊಬ್ಬರ ಕಥೆಗೆ ನಾವು ಸಲ್ಲಿಸಬೇಕಾದ ಋಣ

ಕಾದಂಬರಿಯೊಂದು ಚಲನಚಿತ್ರವಾದಾಗಲೆಲ್ಲ ಹಳೆಯ ಜಗಳವೊಂದು ಮತ್ತೆ ತಲೆಯೆತ್ತುತ್ತದೆ. ಪುಸ್ತಕ ಓದಿದವರು ಕಥೆ ಕೆಟ್ಟಿತೆನ್ನುತ್ತಾರೆ. ಚಿತ್ರ ನೋಡಿದವರು ಕಥೆಗೆ ಜೀವ ಬಂತೆನ್ನುತ್ತಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದಾಗ ನಾಡಿನ ಜನ ಮೆಚ್ಚಿ ಕೊಂಡಾಡಿದರು. ಮೂಲ ಕಾದಂಬರಿಕಾರರಾದ ತ.ರಾ.ಸು. ಅವರಿಗೆ ಮಾತ್ರ ಅದು ಹಿಡಿಸಲಿಲ್ಲ. ಇದು ಕೇವಲ ರುಚಿಭೇದವೇ? ಮತ್ತೊಬ್ಬರ ಕಥೆಯನ್ನು ಹೇಳಹೊರಟವನು ಅವರಿಗೆ ಸಲ್ಲಿಸಬೇಕಾದ ಋಣವೊಂದು ಇದೆಯೇ? ಈ ಪ್ರಶ್ನೆಯನ್ನು ಬಿಡಿಸಿ ನೋಡಲು ಫ್ರಾನ್ಸ್ ದೇಶದ ಕೃತಿಯೊಂದು ನಮಗೆ ನೆರವಾಗುತ್ತದೆ.

ಜಾರ್ಜ್ ಬೆರ್ನಾನೋಸ್ ಎಂಬ ಕಥೋಲಿಕ ಲೇಖಕರು 1936ರಲ್ಲಿ ಹಳ್ಳಿಯ ಗುರುವೊಬ್ಬನ ದಿನಚರಿಯ ರೂಪದಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದರು. ಆ ಯುವ ಗುರು ಬಡವ, ರೋಗಿ, ಜನರ ಸಂಶಯಕ್ಕೆ ಗುರಿಯಾದವನು. ಮಗುವನ್ನು ಕಳೆದುಕೊಂಡು ದೇವರ ಮೇಲೆ ಮುನಿದು ಹೃದಯ ಮುಚ್ಚಿಕೊಂಡಿದ್ದ ಸಿರಿವಂತ ಮನೆಯೊಡತಿಯೊಬ್ಬಳು ಅವನ ಮಾತಿನಿಂದ ಸಮಾಧಾನ ಪಡೆಯುತ್ತಾಳೆ. ಆ ರಾತ್ರಿಯೇ ತೀರಿಕೊಳ್ಳುತ್ತಾಳೆ. ಕೊನೆಗೆ ಗುರುವೂ ಹೊಟ್ಟೆಯ ಕ್ಯಾನ್ಸರಿನಿಂದ, ಯಾಜಕತ್ವ ತೊರೆದ ಹಳೆಯ ಗೆಳೆಯನ ಕೋಣೆಯಲ್ಲಿ, ದೇವರ ವರಪ್ರಸಾದವನ್ನು ಸ್ಮರಿಸುತ್ತಾ ಪ್ರಾಣ ಬಿಡುತ್ತಾನೆ.

ಇದನ್ನು ಚಿತ್ರವಾಗಿಸಲು ಮೊದಲು ಯತ್ನಿಸಿದವರು ಹೆಸರಾಂತ ಚಿತ್ರಕಥೆಗಾರ ಜಾನ್ ಓರಾಂಶ್. ಕಾದಂಬರಿಯ ಕೆಲವು ದೃಶ್ಯಗಳನ್ನು ಚಿತ್ರೀಕರಿಸಲಾಗದು, ಅವಕ್ಕೆ ಸರಿಸಮನಾದ ಬೇರೆ ದೃಶ್ಯಗಳನ್ನು ಕಲ್ಪಿಸಬೇಕು ಎಂಬುದು ಅವರ ವಾದ. ಅದರಂತೆ ಪಾಪನಿವೇದನೆಯ ಪೀಠದ ಬಳಿ ನಡೆಯುವ ಗಂಭೀರ ಸಂಭಾಷಣೆಯ ಬದಲು, ಹುಡುಗಿ ಪರಮಪ್ರಸಾದವನ್ನು ಉಗುಳುವ ದೃಶ್ಯ ಬಂತು. ವರಪ್ರಸಾದದ ಕೊನೆಯ ನುಡಿಯಿದ್ದ ಸ್ಥಾನದಲ್ಲಿ ನಿರಾಶೆಯ ಮಾತು ಬಂತು. ಬೆರ್ನಾನೋಸ್ ಒಪ್ಪಿಗೆ ಕೊಡಲಿಲ್ಲ. 1954ರಲ್ಲಿ ಫ್ರಾನ್ಸ್ವಾ ತ್ರೂಫೊ ತಮ್ಮ ಲೇಖನವೊಂದರಲ್ಲಿ ಈ ಬದಲಾವಣೆಗಳನ್ನು ಬಯಲಿಗೆಳೆದು ಕಟುವಾಗಿ ಟೀಕಿಸಿದರು.

ಬೆರ್ನಾನೋಸ್ 1948ರಲ್ಲಿ ತೀರಿಕೊಂಡರು. ಇನ್ನು ‘ಬೇಡ’ ಎನ್ನಲು ಅವರಿರಲಿಲ್ಲ. ಆದರೆ 1951ರಲ್ಲಿ ಚಿತ್ರವನ್ನು ತೆರೆಗೆ ತಂದ ರೊಬೆರ್ ಬ್ರೆಸ್ಸೋನ್ ಮೃತ ಲೇಖಕರ ಮೌನವನ್ನು ಅನುಮತಿಯೆಂದು ತಿಳಿಯಲಿಲ್ಲ. ಅವರು ಕಾದಂಬರಿಯ ಅನೇಕ ಭಾಗಗಳನ್ನು ಕೈಬಿಟ್ಟರು. ಆದರೆ ಬಿಟ್ಟ ಜಾಗವನ್ನು ತಮ್ಮ ಕಲ್ಪನೆಯಿಂದ ತುಂಬಲು ಹೋಗಲಿಲ್ಲ. ದಿನಚರಿ ಬರೆಯುವ ಕೈಯನ್ನೇ ತೋರಿಸಿದರು, ಅದರ ಸಾಲುಗಳನ್ನೇ ಓದಿಸಿದರು. ಕೊನೆಯಲ್ಲಿ ತೆರೆಯ ಮೇಲೆ ಉಳಿಯುವುದು ಶಿಲುಬೆಯೊಂದೇ. ಗುರುವಿನ ಮರಣವನ್ನು ತಿಳಿಸುವ ಪತ್ರ ಮಾತ್ರ ನಮಗೆ ಕೇಳಿಸುತ್ತದೆ.

ಆದರೂ ಅಭಿಪ್ರಾಯಗಳು ಒಂದಾಗಲಿಲ್ಲ. ಕಾದಂಬರಿಯೇ ಚಿತ್ರಗಳಿಂದ ತುಂಬಿದೆ, ಸಿನಿಮಾವೇ ಹೆಚ್ಚು ಸಾಹಿತ್ಯಿಕವಾಗಿದೆ ಎಂದು ವಿಮರ್ಶಕ ಆಂದ್ರೆ ಬಜಾನ್ ಮೆಚ್ಚುಗೆಯಿಂದಲೇ ಬರೆದರು. ಕಾದಂಬರಿಯ ಸಿಟ್ಟು, ನಗೆ, ಹಳ್ಳಿಯ ಮಣ್ಣಿನ ವಾಸನೆ ಚಿತ್ರದಲ್ಲಿ ಬಡವಾಗಿದೆ ಎಂದು ಯಾರಾದರೂ ಹೇಳಿದರೆ ಅದನ್ನೂ ತಳ್ಳಿಹಾಕಲಾಗದು. ಚಿತ್ರದ ಮೌನವು ನಮ್ಮನ್ನು ಪ್ರಾರ್ಥನೆಯ ಕಡೆಗೆ ಒಯ್ಯುತ್ತದೆ ಎಂಬುದೂ ಸತ್ಯವೇ. ಇಂಥ ಭಿನ್ನಾಭಿಪ್ರಾಯಕ್ಕೆ ನಾವು ಅಂಜಬೇಕಾಗಿಲ್ಲ. ಪ್ರಭುವಿನ ಧನ್ಯವಚನಗಳನ್ನು ಸಂತ ಮತ್ತಾಯರು ಬೆಟ್ಟದ ಮೇಲೆ ಇರಿಸುತ್ತಾರೆ, ಸಂತ ಲೂಕರು ಸಮತಟ್ಟಾದ ನೆಲದ ಮೇಲೆ. ಇಬ್ಬರ ಮಾತುಗಳೂ ಅಕ್ಷರಶಃ ಒಂದಲ್ಲ. ಧರ್ಮಸಭೆ ಎರಡನ್ನೂ ಶುಭಸಂದೇಶವೆಂದೇ ಓದುತ್ತಾ ಬಂದಿದೆ. ನಿಷ್ಠೆಯೆಂದರೆ ಪಡಿಯಚ್ಚು ತೆಗೆಯುವುದಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ಉತ್ತರ ಈ ಕಥೆಯೊಳಗೇ ಇದೆ. ಮನೆಯೊಡತಿಯೂ ಗುರುವೂ ಆಡಿದ ಮಾತನ್ನು ಆಕೆಯ ಮಗಳು ಹೊರಗಿನಿಂದ ಕದ್ದು ಕೇಳುತ್ತಾಳೆ. ಕೇಳಿದ್ದನ್ನು ತನ್ನ ದ್ವೇಷಕ್ಕೆ ತಕ್ಕಂತೆ ತಿರುಚಿ ಹರಡುತ್ತಾಳೆ. ಗುರು ತನ್ನ ತಾಯಿಯನ್ನು ಹಿಂಸಿಸಿದನೆಂದು ಊರು ನಂಬುತ್ತದೆ. ತನಗೆ ಶಾಂತಿ ದೊರಕಿತೆಂದು ಆ ತಾಯಿ ಬರೆದ ಪತ್ರ ಗುರುವಿನ ಬಳಿಯೇ ಇದೆ. ಆದರೆ ತನ್ನ ಹೆಸರನ್ನು ಉಳಿಸಿಕೊಳ್ಳಲು ಅವನು ಅದನ್ನು ಬಳಸುವುದಿಲ್ಲ. ಒಬ್ಬಳು ಮೃತಳ ಮಾತನ್ನು ತನ್ನ ಕಾರ್ಯಕ್ಕೆ ದುಡಿಸಿಕೊಂಡಳು; ಇನ್ನೊಬ್ಬನು ಅದನ್ನು ಒಪ್ಪಿಸಿಟ್ಟ ಒಡವೆಯಂತೆ ಕಾದನು. ಬದಲಾವಣೆ ಸಣ್ಣದೋ ದೊಡ್ಡದೋ ಎಂಬುದಕ್ಕಿಂತ, ಅದು ಯಾರ ಹಿತಕ್ಕಾಗಿ ನಡೆಯಿತು ಎಂಬುದೇ ಇಲ್ಲಿ ಮುಖ್ಯ.

ಪ್ರಿಯ ಓದುಗರೇ, ನಮ್ಮಲ್ಲಿ ಚಿತ್ರ ನಿರ್ದೇಶಿಸುವವರು ವಿರಳ. ಮತ್ತೊಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸದವರು ಯಾರೂ ಇಲ್ಲ. ಅತ್ತೆ ಆಡಿದ್ದನ್ನು ಸೊಸೆಗೆ, ನೆರೆಯವರು ಹೇಳಿದ್ದನ್ನು ಊರಿಗೆ, ಗತಿಸಿದ ತಂದೆಯ ಕೊನೆಯ ಇಚ್ಛೆಯನ್ನು ಆಸ್ತಿ ಹಂಚಿಕೊಳ್ಳುವ ಅಣ್ಣತಮ್ಮಂದಿರಿಗೆ ನಾವೇ ಹೇಳುತ್ತೇವೆ. ಮುಂದೆ ನಿಮ್ಮ ಮನೆಯಲ್ಲಿ ಪುಸ್ತಕ ಮೇಲೋ ಸಿನಿಮಾ ಮೇಲೋ ಎಂಬ ವಾದ ಎದ್ದರೆ ಮಕ್ಕಳನ್ನು ಸುಮ್ಮನಿರಿಸಬೇಡಿ. ಏನನ್ನು ಬಿಟ್ಟಿದ್ದಾರೆ, ಏನನ್ನು ಸೇರಿಸಿದ್ದಾರೆ, ಬರೆದವರು ಇದನ್ನು ನೋಡಿದರೆ ತಮ್ಮದೆಂದು ಗುರುತಿಸುವರೇ ಎಂದು ಅವರನ್ನು ಕೇಳಿ. ಅದೇ ಪ್ರಶ್ನೆಗಳನ್ನು ಅಂದು ಸಂಜೆ ನಮ್ಮ ಮಾತಿಗೂ ನಾವು ಕೇಳಿಕೊಳ್ಳೋಣ.