ಚಿಕ್ಕ ರೈಲಿನ ನೆನಪು ಯಾರಿಗೆ ಸೇರಿದ್ದು?

ಬದುಕಿದ್ದಾಗ ಬೈಸಿಕೊಂಡವರು ಸತ್ತ ಮೇಲೆ ಒಳ್ಳೆಯವರಾಗುವುದು ಲೋಕರೂಢಿ. ಮನುಷ್ಯರ ವಿಷಯದಲ್ಲಿ ಮಾತ್ರವಲ್ಲ, ವಸ್ತುಗಳ ವಿಷಯದಲ್ಲಿಯೂ ಇದು ನಿಜ. ಬಂಗಾರಪೇಟೆಯಿಂದ ಹೊರಟು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳನ್ನು ಹಾದು ಯಲಹಂಕದತ್ತ ಸಾಗುತ್ತಿದ್ದ ನ್ಯಾರೋಗೇಜ್ ರೈಲನ್ನೇ ತೆಗೆದುಕೊಳ್ಳಿ. ಓಡುತ್ತಿದ್ದಷ್ಟು ಕಾಲ ಅದು ತಡವಾಗಿ ಬರುವ, ತೆವಳುತ್ತಾ ಸಾಗುವ, ತಮಾಷೆಗೆ ಗುರಿಯಾಗುವ ಗಾಡಿ. ಅವಸರವಿದ್ದವರು ಬಸ್ಸು ಹತ್ತುತ್ತಿದ್ದರು. ನಿಂತುಹೋದ ಮೇಲೆ ಮಾತ್ರ ಅದು "ನಮ್ಮ ಚಿಕ್ಕ ರೈಲು" ಆಯಿತು. ಮುಂದೆ ಬಂಗಾರಪೇಟೆ ಮತ್ತು ಕೋಲಾರದ ನಡುವೆ ಓಡಾಡಿದ ಒಂದೇ ಡಬ್ಬಿಯ ರೈಲುಬಸ್ಸಿನ ಕಥೆಯೂ ಇದೇ. ಅದೂ ಈಗಿಲ್ಲ, ಆದ್ದರಿಂದ ಅದರ ಮೇಲೂ ಪ್ರೀತಿ ಹುಟ್ಟಿದೆ.

ಕಳೆದುಹೋದುದಕ್ಕಾಗಿ ಮರುಗುವ ಈ ಭಾವಕ್ಕೆ ಕನ್ನಡದಲ್ಲಿ ಹಳಹಳಿಕೆ ಎಂಬ ಮಾತಿದೆ. ಹಳಹಳಿಕೆ ತಪ್ಪೇನಲ್ಲ. ನೆನಪಿಲ್ಲದ ಮನುಷ್ಯನಿಗೆ ಕೃತಜ್ಞತೆಯೂ ಇರಲಾರದು. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಹಳೆಯ ರೈಲನ್ನು ಪ್ರೀತಿಸುವಾಗ ನಾವು ಪ್ರೀತಿಸುತ್ತಿರುವುದು ಏನನ್ನು? ಕಬ್ಬಿಣವನ್ನೇ, ಅದರಲ್ಲಿ ಪಯಣಿಸಿದ ಜನರನ್ನೇ, ಅಥವಾ ನಮ್ಮದೇ ಎಳೆಯ ವಯಸ್ಸನ್ನೇ? ಆ ಪ್ರೀತಿಯಿಂದ ಯಾರಿಗಾದರೂ ಒಳಿತಾಗುತ್ತದೆಯೇ?

ಮೊದಲು ಈ ಸೀಮೆಯ ರೈಲಿನ ಕಥೆಯನ್ನು ಒಮ್ಮೆ ನೆನೆಯೋಣ. ಬೆಂಗಳೂರಿನ ದಂಡು ನಿಲ್ದಾಣದಿಂದ ಜೋಲಾರ್‌ಪೇಟೆಗೆ ಮದ್ರಾಸ್ ರೈಲ್ವೆಯ ಗಾಡಿ ಓಡತೊಡಗಿದ್ದು 1864ರಲ್ಲಿ. ಮಾಲೂರು ಆ ದಾರಿಯಲ್ಲಿತ್ತು. ಅದೇ ದಾರಿಯ ಇನ್ನೊಂದು ನಿಲ್ದಾಣಕ್ಕೆ ಆಗಿನ ಮೈಸೂರು ಕಮಿಷನರ್ ಲೂಯಿನ್ ಬೌರಿಂಗ್ ಅವರ ಹೆಸರು ಬಂದು ಅದು ಬೌರಿಂಗ್‌ಪೇಟೆ ಆಯಿತು. ಅದೇ ಇಂದಿನ ಬಂಗಾರಪೇಟೆ. ಅಲ್ಲಿಂದ ಚಿನ್ನದ ಗಣಿಗಳ ಕಡೆಗೆ, ಮಾರಿಕುಪ್ಪಂವರೆಗೆ, 1894ರಲ್ಲಿ ಕವಲು ದಾರಿ ಸಿದ್ಧವಾಯಿತು. ಆದರೆ ಜಿಲ್ಲೆಯ ಮುಖ್ಯ ಪಟ್ಟಣವಾದ ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ, ಅದೂ 762 ಮಿಲಿಮೀಟರ್ ಅಗಲದ ಪುಟ್ಟ ಹಳಿಯ ಮೇಲೆ. ಬೆಂಗಳೂರು ಕಡೆಯಿಂದ ಚಿಕ್ಕಬಳ್ಳಾಪುರದ ಲಘು ರೈಲು 1915ರ ಹೊತ್ತಿಗೆ ಬಂದಿತು. ಎರಡೂ ಕಡೆಯ ಹಳಿಗಳು ಕೂಡಿಕೊಂಡು ಶ್ರೀನಿವಾಸಪುರ, ಚಿಂತಾಮಣಿಗಳು ರೈಲಿನ ಊರುಗಳಾದವು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲವದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಚಿನ್ನಕ್ಕೆ ದೊಡ್ಡ ಹಳಿ, ಜನರಿಗೆ ಚಿಕ್ಕ ಹಳಿ. ಗಣಿಗಳಿಗೆ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಬಂದು ಸುಮಾರು ಎರಡು ದಶಕ ಕಳೆದ ಮೇಲೆ ರೈತರ, ವ್ಯಾಪಾರಿಗಳ, ಕಚೇರಿಗೆ ಅಲೆಯುವವರ ಪಾಲಿಗೆ ಅದರ ಅರ್ಧದಷ್ಟೂ ಅಗಲವಿಲ್ಲದ ಹಳಿ ಬಂತು. ನ್ಯಾರೋಗೇಜ್ ಹಾಕಿದ್ದು ಅದು ಮುದ್ದಾಗಿದೆ ಎಂದಲ್ಲ, ಅಗ್ಗವಾಗಿತ್ತು ಎಂದು. ಇಂದು ನಮ್ಮ ಕಣ್ಣಿಗೆ ಆಟಿಕೆಯಂತೆ ಚೆಂದವಾಗಿ ಕಾಣುವುದು ಅಂದಿನ ಲೆಕ್ಕಪತ್ರದಲ್ಲಿ ಒಂದು ಮಿತವ್ಯಯ ಮಾತ್ರ.

ಹಳೆಯ ರೈಲುಗಳನ್ನು ಪ್ರೀತಿಸುವವರು ಪ್ರಪಂಚದಾದ್ಯಂತ ಇದ್ದಾರೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಳಕೆ ತಪ್ಪಿದ ಒಂದು ಸುರಂಗ ನಿಲ್ದಾಣವನ್ನೇ 1976ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಬೆತ್ತದ ಆಸನ, ಛಾವಣಿಯಲ್ಲಿ ಫ್ಯಾನು ಇರುವ 1930ರ ದಶಕದ ಡಬ್ಬಿಗಳನ್ನು ಅಲ್ಲಿ ಕಾಪಾಡಿಕೊಂಡು ಹಬ್ಬದ ದಿನಗಳಲ್ಲಿ ಓಡಿಸುತ್ತಾರೆ. ಆ ಕಾಲದ ಉಡುಪು ತೊಟ್ಟು ಅದರಲ್ಲಿ ಪಯಣಿಸಲು ಜನ ಬರುತ್ತಾರೆ. ನಮ್ಮ ದೇಶದ ಮೊದಲ ಮೆಟ್ರೋ 1984ರಲ್ಲಿ ಕೋಲ್ಕತ್ತದಲ್ಲಿ ಆರಂಭವಾಯಿತಷ್ಟೆ. 2021ರ ಅಕ್ಟೋಬರಿನಲ್ಲಿ ಅದು ತನ್ನ ಹವಾನಿಯಂತ್ರಣವಿಲ್ಲದ ಹಳೆಯ ಗಾಡಿಗಳನ್ನು ಬೀಳ್ಕೊಟ್ಟಾಗ, ಸೆಖೆಯಲ್ಲಿ ಅವುಗಳನ್ನು ಶಪಿಸಿದ್ದ ನಗರವೇ ಭಾವುಕವಾಯಿತು. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಹಳೆಯ ಎಂಜಿನ್ನುಗಳನ್ನೂ ಅರಸರ ಬೋಗಿಗಳನ್ನೂ ಜತನ ಮಾಡಿದೆ.

ಇಂಥವರನ್ನು ಹುಚ್ಚರೆಂದು ನಗುವುದು ಸುಲಭ. ಆದರೆ ನಾವು ನಗಬಾರದು. ಲಾಭವಿಲ್ಲದ ಪ್ರೀತಿ ಕಡಿಮೆಯಾಗುತ್ತಿರುವ ಕಾಲವಿದು. ಹಳೆಯ ವೇಳಾಪಟ್ಟಿ, ದಪ್ಪ ರಟ್ಟಿನ ಟಿಕೆಟ್ಟು, ಎಂಜಿನ್ನಿನ ನಂಬರು, ಕಿತ್ತುಹೋದ ನಿಲ್ದಾಣದ ಫೋಟೋ, ಇವನ್ನೆಲ್ಲ ಯಾರೂ ಕೇಳದೆಯೇ ಕೂಡಿಟ್ಟವರು ಅವರು. ಗುಜರಿಗೆ ಹೋಗುವ ವಸ್ತುವಿಗೂ ಒಂದು ಚರಿತ್ರೆ ಇದೆ ಎಂದು ಮೊದಲು ತಿಳಿದವರೂ ಅವರೇ.

ಆದರೂ ಈ ಪ್ರೀತಿಯಲ್ಲಿ ಒಂದು ಕೊರತೆ ಕಾಣುತ್ತದೆ. ಹಬೆ ಎಂಜಿನ್ನಿನ ಚಿತ್ರದಲ್ಲಿ ಹೊಗೆ ಸುಂದರವಾಗಿ ಕಾಣುತ್ತದೆ. ಆ ಹೊಗೆಯನ್ನು ಉಸಿರಾಡಿದ, ಬೆಂಕಿಯ ಮುಂದೆ ನಿಂತು ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಹಾಕಿದ ಫೈರ್‌ಮನ್ ಚಿತ್ರದಲ್ಲಿರುವುದಿಲ್ಲ. ಬಿಸಿಲಲ್ಲಿ ಹಳಿ ಸರಿಪಡಿಸಿದ ಗ್ಯಾಂಗ್‌ಮನ್, ರಾತ್ರಿಯಿಡೀ ಗೇಟು ಕಾದವನು, ಚಿಕ್ಕ ಹಳಿಯ ವ್ಯಾಗನ್ನಿನಿಂದ ದೊಡ್ಡ ಹಳಿಯ ವ್ಯಾಗನ್ನಿಗೆ ಮೂಟೆ ಹೊತ್ತವನು, ಇವರ ಹೆಸರುಗಳನ್ನು ಯಾರೂ ಸಂಗ್ರಹಿಸಿಲ್ಲ. ಎಂಜಿನ್ನಿನ ನಂಬರು ನೆನಪಿರುತ್ತದೆ, ಅದನ್ನು ಓಡಿಸಿದವನ ಹೆಸರು ನೆನಪಿರುವುದಿಲ್ಲ.

ಕೆ.ಜಿ.ಎಫ್.ಗೆ ಹೋದರೆ ಈ ಮಾತು ಇನ್ನೂ ಕಹಿಯಾಗುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ತಲುಪಿದ ಗಣಿ, ಬ್ರಿಟಿಷರ ಬಂಗಲೆಗಳು, ಕ್ಲಬ್ಬು, ಎಲ್ಲವೂ ಫೋಟೋ ತೆಗೆಯುವವರನ್ನು ಕರೆಯುತ್ತವೆ. ಆದರೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಅಂಟಿಸಿಕೊಂಡವರ ಮಕ್ಕಳೂ ಮೊಮ್ಮಕ್ಕಳೂ ಅಲ್ಲೇ ಇದ್ದಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅವರ ಬದುಕು ರೈಲಿಗೆ ಕಟ್ಟಿಹಾಕಿದಂತಾಗಿದೆ. ನಸುಕಿನಲ್ಲೇ ಎದ್ದು ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರಿಗೆ, ಹಾಗೆಯೇ ಬಂಗಾರಪೇಟೆ, ಮಾಲೂರುಗಳಲ್ಲಿ ಆ ಗಾಡಿಗಳಿಗೆ ಕಾಯುವವರಿಗೆ, ರೈಲು ನೆನಪಲ್ಲ, ಅನ್ನ. ನಿಲ್ದಾಣದ ಹಳೆಯ ಕಮಾನಿನ ಬಗ್ಗೆ ಅವರನ್ನು ಕೇಳಿದರೆ ಏನು ಹೇಳಿಯಾರು? ಕೂರಲು ಜಾಗ ಸಿಗಲಿ, ಗಾಡಿ ಹೊತ್ತಿಗೆ ಸರಿಯಾಗಿ ಬರಲಿ, ಶೌಚಾಲಯದಲ್ಲಿ ನೀರಿರಲಿ ಎಂದಾರು. ಈ ಬೇಡಿಕೆಯ ಮುಂದೆ ನಮ್ಮ ಹಳಹಳಿಕೆ ಸಂಕೋಚಪಟ್ಟುಕೊಳ್ಳಬೇಕು.

ಹಾಗೆಂದು ದೂರ ನಿಂತು ಮೆಚ್ಚುವವರ ನೆನಪು ಮಾತ್ರ ಅರೆಬರೆ, ಪಯಣಿಸಿದವರದು ಪೂರ್ಣ ಎನ್ನುವಂತಿಲ್ಲ. ಹಿರಿಯರು ಹೇಳುವ ಒಂದು ಮಾತನ್ನು ನಾವು ಆಗಾಗ ಕೇಳುತ್ತೇವೆ. ಆಗ ಎಲ್ಲರೂ ಒಂದೇ ಬೋಗಿಯಲ್ಲಿ ಕೂರುತ್ತಿದ್ದೆವು, ಕನ್ನಡ, ತೆಲುಗು, ತಮಿಳು, ದಕ್ಖನಿ ಉರ್ದು ಒಂದೇ ಬೆಂಚಿನಲ್ಲಿ ಕೇಳುತ್ತಿತ್ತು, ಭೇದವೇ ಇರಲಿಲ್ಲ ಎಂದು. ಈ ಮಾತಿನಲ್ಲಿ ಸತ್ಯವಿದೆ. ಕೋಲಾರ ಸೀಮೆಯಲ್ಲಿ ನಾಲ್ಕು ಭಾಷೆಗಳು ಒಟ್ಟಿಗೆ ಬಾಳಿವೆ, ರೈಲು ಅದಕ್ಕೆ ಒಂದು ಜಾಗ ಕೊಟ್ಟಿತ್ತು. ಆದರೆ "ಭೇದವೇ ಇರಲಿಲ್ಲ" ಎನ್ನುವಾಗ ಸ್ವಲ್ಪ ತಡೆಯಬೇಕು. ಬೆಂಚಿನ ಮೇಲೆ ಕೂತವರ ನೆನಪನ್ನು ಕೇಳಿದ್ದೇವೆ, ನೆಲದ ಮೇಲೆ ಮುದುಡಿ ಕೂತವರ ನೆನಪನ್ನು ಕೇಳಿದ್ದೇವೆಯೇ? ರೈಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತವರು ಊರಿಗೆ ಇಳಿದ ಮೇಲೆ ಒಂದೇ ಬಾವಿಯ ನೀರು ಸೇದಿದರೇ? ಹಿಂದಿನ ಸೌಹಾರ್ದವನ್ನು ಹೊಗಳುವುದು ಒಳ್ಳೆಯದೇ. ಆದರೆ ಅದು ತಾನಾಗಿ ಇತ್ತು, ತಾನಾಗಿ ಹೋಯಿತು ಎಂದುಕೊಂಡರೆ ಇಂದು ಅದನ್ನು ಕಟ್ಟುವ ಹೊಣೆಯಿಂದ ನಾವು ಜಾರಿಕೊಂಡಂತೆ.

ಇನ್ನು ಮುಳಬಾಗಿಲನ್ನು ನೋಡಿ. ಡಿ.ವಿ.ಜಿ. ಹುಟ್ಟಿದ ಊರು, ಆಂಜನೇಯನ ಗುಡಿಗೂ ಹೈದರ್ ವಲಿಯವರ ದರ್ಗಾಕ್ಕೂ ದೂರದೂರದಿಂದ ಜನ ಬರುವ ಊರು. ಹೆದ್ದಾರಿ ಅದನ್ನು ಹಾದುಹೋಗುತ್ತದೆ, ಆದರೆ ರೈಲು ಅಲ್ಲಿಗೆ ಬರಲೇ ಇಲ್ಲ. ಪಕ್ಕದ ಶ್ರೀನಿವಾಸಪುರಕ್ಕೆ ಒಂದು ಹಳೆಯ ರೈಲಿನ ನೆನಪಿದೆ, ಮುಳಬಾಗಿಲಿಗೆ ಅದೂ ಇಲ್ಲ. ಕಳೆದುಕೊಂಡು ಮರುಗಲಿಕ್ಕೂ ಮೊದಲು ಪಡೆದಿರಬೇಕು. ನಾಡಿನಲ್ಲಿ ಎಷ್ಟೋ ಊರುಗಳು, ಎಷ್ಟೋ ಜನರು ಹೀಗೆ ನೆನಪಿನ ಪಾಲೂ ಇಲ್ಲದೆ ಉಳಿದಿದ್ದಾರೆ. ಪರಂಪರೆಯ ಬಗ್ಗೆ ಮಾತನಾಡುವಾಗ ಅವರು ಲೆಕ್ಕಕ್ಕೆ ಬರಬೇಡವೇ?

ಹಾಗಾದರೆ ಚಿಕ್ಕ ರೈಲಿಗಾಗಿ ಮರುಗುವುದೆಲ್ಲ ಬರೀ ಭ್ರಮೆಯೇ? ಅಲ್ಲ. 1990ರ ದಶಕದಲ್ಲಿ ಈ ಭಾಗದ ನ್ಯಾರೋಗೇಜ್ ಗಾಡಿಗಳು ಒಂದೊಂದಾಗಿ ನಿಂತವು. ಎರಡು ತುದಿಗಳಲ್ಲಿ ಬ್ರಾಡ್‌ಗೇಜ್ ಬೇಗನೆ ಬಂತು. ನಡುವಿನ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರ ದಾರಿಯಲ್ಲಿ ದೊಡ್ಡ ಹಳಿಯ ಮೇಲೆ ಗಾಡಿ ಓಡಿದ್ದು 2013ರ ನವೆಂಬರಿನಲ್ಲಿ. ಆ ನಡುವಿನ ವರ್ಷಗಳಲ್ಲಿ ಒಂದು ತಲೆಮಾರಿನ ಮಕ್ಕಳು ರೈಲಿಲ್ಲದೆಯೇ ಬೆಳೆದರು. ಜನ ಬಸ್ಸಿಗೆ, ಟೆಂಪೋಗೆ ಒಗ್ಗಿಕೊಂಡರು. ಹೀಗೆ ರೂಢಿ ತಪ್ಪಿದ ಮೇಲೆ ಹಳಿ ಹಾಕಿದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ. ಚಿಕ್ಕ ರೈಲಿಗಾಗಿ ಮರುಗುವ ಶ್ರೀನಿವಾಸಪುರದ ಮಾವಿನ ಬೆಳೆಗಾರ ಹಬೆಯ ಸದ್ದಿಗಾಗಿ ಮರುಗುತ್ತಿಲ್ಲ. ಬಡವನ ಕೈಗೆಟುಕುವ ದರದಲ್ಲಿ, ಚಿಕ್ಕ ಊರಿನಲ್ಲಿಯೂ ನಿಂತು ಕರೆದೊಯ್ಯುವ ಒಂದು ವ್ಯವಸ್ಥೆ ಇತ್ತು, ಅದನ್ನು ನಮ್ಮನ್ನು ಕೇಳದೆಯೇ ಕಿತ್ತರು, ಹೊಸದಕ್ಕಾಗಿ ವರ್ಷಗಟ್ಟಲೆ ಕಾಯಿಸಿದರು ಎಂಬುದು ಅವನ ದೂರು. ಕೆಲವರ ಹಳಹಳಿಕೆಯೊಳಗೆ ಹೀಗೆ ಒಂದು ನ್ಯಾಯದ ಬೇಡಿಕೆ ಅಡಗಿರುತ್ತದೆ. ಅದನ್ನು ಮುದಿತನದ ಗೊಣಗಾಟವೆಂದು ತಳ್ಳಿಹಾಕುವುದು ಅನ್ಯಾಯ. ಹಾಗೆಯೇ ಚಿಕ್ಕ ಹಳಿಯನ್ನು ಕೀಳಬಾರದಿತ್ತು ಎಂಬ ವಾದವೂ ಸರಿಯಲ್ಲ. ಬಂಗಾರಪೇಟೆಯಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸುವ ಕಷ್ಟವನ್ನು ಪರಂಪರೆಯ ಹೆಸರಿನಲ್ಲಿ ಇನ್ನೊಬ್ಬರ ತಲೆಗೆ ಕಟ್ಟುವ ಹಕ್ಕು ನಮಗಿಲ್ಲ.

ನಮ್ಮ ಮನೆಗಳ ಉರ್ದುವಿನಲ್ಲಿ ಎರಡು ಮಾತುಗಳಿವೆ: ಯಾದ್ ಮತ್ತು ಇಬ್ರತ್. ಯಾದ್ ಎಂದರೆ ನೆನಪು. ಇಬ್ರತ್ ಎಂದರೆ ಹಿಂದಿನದನ್ನು ಕಂಡು ಕಲಿಯುವ ಪಾಠ. ಕೋಲಾರದಲ್ಲಿ ಹೈದರ್ ಅಲಿಯ ತಂದೆ ಫತೇ ಮುಹಮ್ಮದ್ ಮಲಗಿರುವ ಮಕ್ಬರಾದ ಮುಂದೆ ನಿಂತಾಗಲೂ ಈ ಎರಡೂ ಬಗೆಯಲ್ಲಿ ನೋಡಬಹುದು. ಒಂದು ಕಾಲದ ವೈಭವವನ್ನು ನೆನೆದು ನಿಟ್ಟುಸಿರು ಬಿಡಬಹುದು, ಅಥವಾ ಅಧಿಕಾರ ಯಾರ ಬಳಿಯೂ ನಿಲ್ಲದೆಂಬ ತಿಳಿವಿನೊಂದಿಗೆ ಮನೆಗೆ ಮರಳಬಹುದು. ಯಾದ್ ನಮ್ಮನ್ನು ಹಿಂದಕ್ಕೆ ಕರೆದೊಯ್ಯುತ್ತದೆ, ಇಬ್ರತ್ ಇಂದಿನ ಕರ್ತವ್ಯಕ್ಕೆ ತಂದು ನಿಲ್ಲಿಸುತ್ತದೆ. ಹಳೆಯ ರೈಲಿನ ವಿಷಯದಲ್ಲಿ ಯಾದ್ ಧಾರಾಳವಾಗಿದೆ. ಬೇಕಿರುವುದು ಇಬ್ರತ್.

ಯಲಹಂಕ ಮತ್ತು ಚಿಕ್ಕಬಳ್ಳಾಪುರದ ನಡುವೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಆ ಕಾಲದ ನಿಲ್ದಾಣದ ಕಟ್ಟಡಗಳು ಇನ್ನೂ ಉಳಿದಿವೆ. ಅವುಗಳನ್ನು ದುರಸ್ತಿ ಮಾಡಿ ಉಳಿಸುವ ಕೆಲಸಕ್ಕೆ ಪರಂಪರೆಯ ಸಂಸ್ಥೆ ಇನ್‌ಟ್ಯಾಕ್ ಮತ್ತು ನೈಋತ್ಯ ರೈಲ್ವೆ ಇತ್ತೀಚಿನ ವರ್ಷಗಳಲ್ಲಿ ಕೈಹಾಕಿವೆ. ಸಂತೋಷದ ಸಂಗತಿ. ಆದರೆ ಕಟ್ಟಡಕ್ಕೆ ಬಣ್ಣ ಬಳಿದು ಬೇಲಿ ಹಾಕಿದರೆ ಅದು ಉಳಿದಂತಲ್ಲ. ಅದರೊಳಗೆ ಕುಡಿಯುವ ನೀರು, ಬೆಳಗಿನ ಜಾವ ಒಬ್ಬಂಟಿಯಾಗಿ ಬರುವ ಹೆಣ್ಣುಮಗಳು ಧೈರ್ಯವಾಗಿ ಕೂರಬಹುದಾದ ಕೋಣೆ, ಊರ ಮಕ್ಕಳಿಗೆ ನಾಲ್ಕು ಪುಸ್ತಕ ಇದ್ದರೆ ಹಳೆಯ ಕಲ್ಲು ಮತ್ತೆ ಕೆಲಸಕ್ಕೆ ಬಂದಂತೆ. ಇನ್ನೊಂದು ಕೆಲಸವಂತೂ ತಡಮಾಡುವಂಥದ್ದಲ್ಲ. ಆ ಹಳಿಯ ಮೇಲೆ ದುಡಿದ ಗ್ಯಾಂಗ್‌ಮನ್‌ಗಳು, ಗೇಟ್‌ಮನ್‌ಗಳು, ನಿಲ್ದಾಣದ ಕೂಲಿಗಳು, ಬೋಗಿಯಲ್ಲಿ ಕಡಲೆಕಾಯಿ ಮಾರಿದವರು ಇಂದು ವೃದ್ಧರು. ಅವರ ಮಾತನ್ನು ಅವರದೇ ಭಾಷೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಕೋಲಾರದ, ಶ್ರೀನಿವಾಸಪುರದ ಯಾವುದೇ ಕಾಲೇಜಿನ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸವಿದು. ಇದಕ್ಕೆ ಹಣಕ್ಕಿಂತ ವ್ಯವಧಾನ ಬೇಕು.

ಹಳೆಯ ರೈಲನ್ನು ಪ್ರೀತಿಸುವವರೂ ಇಂದಿನ ರೈಲಿನಲ್ಲಿ ನಿಂತು ಪಯಣಿಸುವವರೂ ಬೇರೆಬೇರೆಯಾಗಿ ಉಳಿಯಬೇಕಾಗಿಲ್ಲ. ಹಳೆಯ ನಿಲ್ದಾಣವನ್ನು ಉಳಿಸಿ ಎಂದು ಅರ್ಜಿ ಬರೆಯುವವರು ಅದೇ ಕಾಗದದಲ್ಲಿ ಬೆಳಗಿನ ಗಾಡಿಗೆ ಇನ್ನೆರಡು ಬೋಗಿ ಸೇರಿಸಿ ಎಂದೂ ಬರೆಯಬಹುದು. ಮುಳಬಾಗಿಲಿಗೆ ರೈಲು ಬೇಕೆನ್ನುವವರ ಜೊತೆ ಅವರೂ ದನಿಗೂಡಿಸಬಹುದು. ಆಗ ಆ ಪುಟ್ಟ ರೈಲಿನ ನೆನಪು ಕೆಲವರ ಹವ್ಯಾಸವಾಗಿ ಉಳಿಯದೆ, ಅದರಲ್ಲಿ ದುಡಿದವರಿಗೂ ಅದು ತಲುಪದ ಊರುಗಳಿಗೂ ಸೇರಿದ ನೆನಪಾಗುತ್ತದೆ.